ಕೇಳದ ಕಿವಿಗೆ ಕಿವಿಗೊಡುವವರಾರು?

ತೊಪ್ಪೂರು ಘಾಟಿ ಅಂದರೆ ಜನರಿಗೆ ನೆನಪಾಗೋದು ಲಾರಿ, ಇಳಿಜಾರು, ಅಪಘಾತ. ಆದರೆ 44ನೇ ರಾಷ್ಟ್ರೀಯ ಹೆದ್ದಾರಿಯ ಹಾರ್ನ್ ಸದ್ದೇ ಸರಿಯಾಗಿ ಕೇಳಿಸದ ವೃದ್ಧರೂ ರಸ್ತೆ ದಾಟಬೇಕಲ್ಲ? ಅವರ ಪಾಡು ಸುದ್ದಿಯಾಗುವುದಿಲ್ಲ. ‘ತಾತನಿಗೆ ವಯಸ್ಸಾಯ್ತು, ಕಿವಿ ಮಂದ’ ಎಂದು ಮನೆಯವರೂ ಸುಮ್ಮನಾಗುತ್ತಾರೆ.

ಸುಮ್ಮನಾಗುವ ವಿಷಯ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ಶೇ. 25ಕ್ಕೂ ಹೆಚ್ಚು ಮಂದಿಗೆ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆ. ಕೇಳಿಸದವರು ಮೊದಲು ಮಾತು ಬಿಡುತ್ತಾರೆ, ಆಮೇಲೆ ಮದುವೆ-ಜಾತ್ರೆ ಬಿಡುತ್ತಾರೆ, ಕೊನೆಗೆ ಮೂಲೆ ಸೇರುತ್ತಾರೆ. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ಸರಿಪಡಿಸಬಹುದಾದ ಕಾರಣಗಳಲ್ಲಿ ಕಿವುಡೂ ಒಂದು ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಮತ್ತೊಮ್ಮೆ ಹೇಳಿದೆ.

ಯೋಜನೆಗಳು ಇಲ್ಲವೆಂದಲ್ಲ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲೇ ಶುರುವಾಯಿತು. 2017ರ ಏಪ್ರಿಲ್ 1ರಂದು ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಶ್ರವಣಯಂತ್ರವನ್ನೂ ಉಚಿತವಾಗಿ ಕೊಡುವ ಏರ್ಪಾಡಿದೆ. ಆದರೆ ಯಂತ್ರ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಕಿವಿಗೆ ಸರಿಹೊಂದಿಸಬೇಕು, ಕೊಳೆ ತೆಗೆಯಬೇಕು, ಬ್ಯಾಟರಿ ಬದಲಿಸಬೇಕು. ಹೇಳಿಕೊಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ಅದು ಪೆಟ್ಟಿಗೆ ಸೇರುತ್ತದೆ.

ಗಡಿಯಾಚೆಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕು ಭಾಷೆಯದು. ಒಳಗೆ ಕನ್ನಡ, ಹೊರಗೆ ತಮಿಳು. ಕಿವಿ ಚೆನ್ನಾಗಿದ್ದಾಗ ಎರಡೂ ನಡೆಯುತ್ತದೆ. ಕಿವಿ ಮಂದವಾದಾಗ ಮೊದಲು ಕೈಕೊಡುವುದು ಕಲಿತ ಭಾಷೆ. ಪರೀಕ್ಷೆಯಲ್ಲಿ ಪದಗಳನ್ನು ಕೇಳಿಸಿ ‘ಹೇಳಿ’ ಎಂದರೆ, ಅಜ್ಜಿ ತಪ್ಪು ಹೇಳಿದ್ದು ಕಿವಿಯಿಂದಲೋ ತಮಿಳಿನಿಂದಲೋ ತಿಳಿಯದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಉಂಟು. ಆದರೆ ಅಲ್ಲಿಗೆ ಹೋಗಿಬರಲು ಬಸ್ ಚಾರ್ಜು, ಜೊತೆಗೆ ಹೋಗುವವರ ಕೂಲಿ ನಷ್ಟ.

ದಾರಿ ಹತ್ತಿರದಲ್ಲೇ ಇದೆ. 2021ರ ಆಗಸ್ಟ್ 5ರಂದು ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ತಮಿಳುನಾಡು ಸರ್ಕಾರ ‘ಮಕ್ಕಳೈ ತೇಡಿ ಮರುತ್ತುವಂ’ ಆರಂಭಿಸಿತು. ಬಿಪಿ, ಶುಗರ್ ನೋಡಲು ಊರಿನ ಮಹಿಳೆಯರೇ ಮನೆಬಾಗಿಲಿಗೆ ಹೋಗುವ ಪದ್ಧತಿ ಅದು. ಹಾಗೆ ಹೋಗುವವರಿಗೇ ಕಿವಿ ಪರೀಕ್ಷೆಯ ಮೊದಲ ಹಂತವನ್ನೂ ಯಂತ್ರದ ಉಸ್ತುವಾರಿಯನ್ನೂ ಕಲಿಸಿದರೆ ತಪ್ಪೇನು? ಕನ್ನಡ ಬಲ್ಲವರಿಗೆ ಕನ್ನಡ ಮನೆಗಳನ್ನು ವಹಿಸಬಹುದು. ಜಿಲ್ಲಾಡಳಿತ ಇತ್ತ ಗಮನ ಹರಿಸಬೇಕು. ಕನ್ನಡ ಸಂಘಗಳೂ ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಎತ್ತಿಡಲಿ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ್ದೂ ಇದೆ. ಕಿವಿಗೆ ಎಣ್ಣೆ, ಹೇರ್‌ಪಿನ್ ಹಾಕಬೇಡಿ. ಬರೀ ಗುಗ್ಗೆ ಕಟ್ಟಿದ್ದರೂ ಕಿವಿ ಮಂದವಾಗುತ್ತದೆ, ವೈದ್ಯರಿಗೆ ತೋರಿಸಿ. ಕಿರುಚಬೇಡಿ, ಟಿವಿ ನಿಲ್ಲಿಸಿ ಎದುರು ಕೂತು ನಿಧಾನವಾಗಿ ಮಾತಾಡಿ. ಹೊರನಾಡಿನ ಮನೆಗಳಲ್ಲಿ ಕನ್ನಡ ಉಳಿದಿರುವುದೇ ಹಿರಿಯರ ಬಾಯಲ್ಲಿ. ಅವರ ಕಿವಿ ಮುಚ್ಚಿದರೆ ಮೊಮ್ಮಕ್ಕಳಿಗೆ ಆ ಮಾತೂ ನಿಲ್ಲುತ್ತದೆ.