ದೇವಿಗೆ ವೀಣೆ, ಮಗಳಿಗೆ ಮೌನ

ಕಳೆದ ದಸರೆಗೆ ತುಂಗಭದ್ರೆಯ ದಂಡೆಯ ನಮ್ಮ ಐರಣಿಗೆ ಹೋಗಿದ್ದೆ. ಸರಸ್ವತಿ ಪೂಜೆಯ ದಿನ. ಪುಸ್ತಕಗಳ ರಾಶಿಯ ಮೇಲೆ ವೀಣಾಪಾಣಿಯ ಪಟ. ಪಕ್ಕದಲ್ಲಿ ಕುಂಕುಮ ಹಚ್ಚಿದ ಹಾರ್ಮೋನಿಯಂ. ಪಡಸಾಲೆಯಲ್ಲಿ ತಮ್ಮನ ಮಗ ಮೊಬೈಲಿನ ಆಟದಲ್ಲಿ ಮುಳುಗಿದ್ದ.

“ದೊಡ್ಡಪ್ಪಾ, ಈಕಿ ಹಾಡಿನ ದೇವಿ. ಈಕಿ ಹಾಡಿದ್ರ ವೈರಿಗಳೆಲ್ಲ ಬಿದ್ದ ಹೋಗ್ತಾರ ನೋಡ್ರಿ” ಎಂದ.

ಒಳಗಿನಿಂದ ಅವನ ಅಕ್ಕನ ದನಿ ಬಂತು: “ನಾ ಹಾಡಿದ್ರ ಬಂದ ವರಾನೂ ಓಡಿ ಹೋಗ್ತಾನಂತ!”

ಎಲ್ಲರೂ ನಕ್ಕರು. ನನಗೆ ನಗೆ ಬರಲಿಲ್ಲ. ಆರು ವರ್ಷ ಶ್ರದ್ಧೆಯಿಂದ ಕಲಿತ ಹುಡುಗಿ ಅವಳು. ವರನನ್ನು ಹುಡುಕತೊಡಗಿದೊಡನೆ ಮನೆಯ ಹಿರಿಯರು ‘ಸಾಕಿನ್ನ’ ಎಂದು ಆ ಹಾರ್ಮೋನಿಯಂಗೆ ಬಟ್ಟೆ ಹೊದಿಸಿದ್ದರು. ಈಗ ಅದು ವರ್ಷಕ್ಕೊಮ್ಮೆ ಪೂಜೆಗೆ ಮಾತ್ರ ಹೊರಬರುತ್ತದೆ.

ಇದು ನಮ್ಮ ಮನೆಯೊಂದರ ಮಾತಾಗಿದ್ದರೆ ನಾನು ಬರೆಯಹೊರಡುತ್ತಿರಲಿಲ್ಲ. ಇದೇ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ನಾಡಿನಾಚೆಗೆ ಮುಟ್ಟಿಸಿದ ಗಂಗೂಬಾಯಿಯವರನ್ನು ನೆನೆಯಿರಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರನ್ನು ಬೀದಿಯಲ್ಲಿ ‘ಗಾನೇವಾಲಿ’ ಎಂದು ಹಂಗಿಸಿದವರುಂಟು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಆ ಬಾಲಕಿಗೆ, ಜಾತಿಯ ಕಾರಣದಿಂದ ಊಟದ ಸ್ಥಳವನ್ನು ಬಳಿಯಲು ಹೇಳುವರೇನೋ ಎಂಬ ಅಂಜಿಕೆ ಕಾಡಿತ್ತು. ಪದ್ಮಭೂಷಣ ಬಂದುದು 1971ರಲ್ಲಿ. ಹಾಡುವ ಗಂಡಸರು ಪಂಡಿತರೋ ಉಸ್ತಾದರೋ ಆಗುತ್ತಾರೆ, ಹೆಂಗಸರು ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಅವರೇ ನೊಂದು ಹೇಳಿದ್ದರು.

ಈ ಅಂಜಿಕೆಯ ಬೇರೆಲ್ಲಿ? ಸವದತ್ತಿಯ ಗುಡ್ಡದಲ್ಲಿ ಚೌಡಿಕೆ ಮೀಟಿ ಹಾಡುವ ಜೋಗತಿಯ ಪದಕ್ಕೆ ತಲೆದೂಗುವೆವು. ಹಾಡು ಮುಗಿದೊಡನೆ ಅವಳಿಂದ ದೂರ ಸರಿಯುವೆವು. ದೇವರಿಗೆ ಹೆಣ್ಣನ್ನು ಬಿಡುವ ಅನ್ಯಾಯವನ್ನು 1982ರ ಕಾನೂನು ನಿಷೇಧಿಸಿತು, ಅದು ತಕ್ಕುದೇ. ಆದರೆ ಆ ಅನ್ಯಾಯ ಮಾಡಿದವರ ಕಳಂಕವನ್ನು ನಾವು ಹಾಡಿದವಳ ಕೊರಳಿಗೆ ಕಟ್ಟಿದೆವು. ನಮ್ಮ ಮಗಳು ವೇದಿಕೆ ಹತ್ತಿದರೆ ಇಂದಿಗೂ ಎದೆ ಅಳುಕುವುದು ಅದರಿಂದಲೇ.

“ಕಾಲ ಬದಲಾಗಿದೆ ಸ್ವಾಮಿ, ಹುಬ್ಬಳ್ಳಿ ಬೆಂಗಳೂರುಗಳಲ್ಲಿ ಓಣಿಗೊಂದು ಸಂಗೀತದ ಕ್ಲಾಸಿದೆ” ಎನ್ನುವವರಿದ್ದಾರೆ. ಇದೆ, ಅಲ್ಲಗಳೆಯೆನು. ಆದರೆ ಆ ಕಲಿಕೆ ಎಲ್ಲಿಯವರೆಗೆ? ಹೆಣ್ಣು ನೋಡಲು ಬಂದವರೆದುರು ಒಂದು ದೇವರನಾಮ ಹಾಡುವವರೆಗೆ! ಮದುವೆಯಾದ ಮೇಲೆ ಬೆಳಗಿನ ರಿಯಾಜಿಗೆ ಸೊಸೆಗೆ ಒಂದು ಗಂಟೆ ಬಿಟ್ಟುಕೊಡುವ ಅತ್ತೆಮಾವಂದಿರು ಎಷ್ಟು ಮಂದಿ? ಓದುಗರು ತಮ್ಮ ಮನೆಯನ್ನೇ ಎಣಿಸಿ ನೋಡಲಿ.

ಆಟದ ದೇವಿಯ ಹಾಡಿಗೆ ಹುಡುಗ ಬೆರಗಾಗುತ್ತಾನೆ. ಪಟದ ದೇವಿಯ ವೀಣೆಗೆ ಹಿರಿಯರು ಕೈಮುಗಿಯುತ್ತಾರೆ. ಇಬ್ಬರು ದೇವಿಯರೂ ಮದುವೆಯ ವಯಸ್ಸಿಗೆ ಬರುವವರಲ್ಲ. ಆದ್ದರಿಂದ ಯಾರಿಗೂ ತೊಂದರೆಯಿಲ್ಲ. ಉಸಿರಾಡುವ ಹುಡುಗಿ ಬಾಯಿ ತೆರೆದಾಗಲೇ ಮನೆತನದ ಮಾನ ನೆನಪಾಗುವುದು. ಇದಕ್ಕೆ ಭಕ್ತಿಯೆಂಬ ಹೆಸರು ಬೇಡ.

ಮುಂದಿನ ದಸರೆಗೂ ಐರಣಿಗೆ ಹೋಗುವವನಿದ್ದೇನೆ. ತಮ್ಮನಿಗೆ ಹೇಳಿದ್ದೇನೆ: ಹಾರ್ಮೋನಿಯಂಗೆ ಕುಂಕುಮ ಹಚ್ಚದಿದ್ದರೂ ನಡೆದೀತು, ಅದನ್ನು ಮಗಳ ಮುಂದಿಡು.