ಉಪಾಧ್ಯಾಯರ ವೃತ್ತಿವಿಕಾಸ ಮತ್ತು ವಿದ್ಯಾರ್ಥಿಗಳ ಯಶಸ್ಸು

ಶಿಕ್ಷಕರನ್ನು ಸಿದ್ಧಗೊಳಿಸುವುದು ಮೈಸೂರಿಗೆ ಹೊಸದಲ್ಲ. ಕೃಷ್ಣಮೂರ್ತಿಪುರಂನ ಶಾರದಾವಿಲಾಸ ಸಂಸ್ಥೆಯಲ್ಲಿ ಪ್ರೌಢಶಾಲೆಯೊಡನೆ ಶಿಕ್ಷಕರ ಕಾಲೇಜೂ ಇದೆ. ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು 1963ರಲ್ಲಿಯೇ ಈ ನಗರದಲ್ಲಿ ಆರಂಭವಾಯಿತು. ಆದರೆ ಪದವಿ ಪಡೆದ ಮೇಲಿನ ಕಲಿಕೆ ಎಲ್ಲಿ ನಡೆಯಬೇಕು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿವಿಕಾಸವನ್ನು ಅಪೇಕ್ಷಿಸುತ್ತದೆ. ಗಂಟೆಗಳನ್ನೆಣಿಸಲು ಹಾಜರಿ ಪುಸ್ತಕ ಸಾಕು. ಒಂಬತ್ತನೆಯ ತರಗತಿಯ ಬಾಲಕನು ಬೀಜಗಣಿತದಲ್ಲಿ ಋಣಚಿಹ್ನೆಯನ್ನು ಪ್ರತಿಸಲವೂ ಕೈಬಿಡುವುದೇಕೆಂಬುದು ಮಾತ್ರ ಶಿಬಿರದ ಉಪನ್ಯಾಸದಿಂದ ತಿಳಿಯದು. ಅವನ ಉತ್ತರಪತ್ರಿಕೆಯನ್ನು ಇಬ್ಬರು ಉಪಾಧ್ಯಾಯರು ಕೂಡಿ ಕುಳಿತು ಪರಿಶೀಲಿಸಿದಾಗ ತಿಳಿದೀತು. ಬೋಧನೆಯನ್ನು ಕಾಯಕವೆಂದು ವೇದಿಕೆಯ ಮೇಲೆ ಹೊಗಳುವವರು ಆ ಕಾಯಕಕ್ಕೆ ಬೇಕಾದ ವೇಳೆಯನ್ನೂ ಒದಗಿಸಬೇಡವೆ? ವಾರಕ್ಕೊಮ್ಮೆ 40 ನಿಮಿಷಗಳ ಒಂದು ಅವಧಿಯನ್ನು ಇದಕ್ಕೆಂದೇ ತೆರವುಗೊಳಿಸಿದರೆ, 40 ವಾರಗಳಲ್ಲಿ ಅದು 26 ಗಂಟೆಗಳನ್ನು ಮೀರುತ್ತದೆ. ಉಳಿದುದನ್ನು ಶಿಬಿರಗಳಿಗೆ ಬಿಡಬಹುದು.