ಹಾಲಿನ ಕವರನ್ನು ತೊಳೆದು ಕೊಡಿ

ಕಸ ಬೇರ್ಪಡಿಸಿ ಕೊಡಿ ಎಂದು ಯಾರಿಗಾದರೂ ಹೇಳಿನೋಡಿ. ‘ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಎಲ್ಲ ಒಂದೇ ಮಾಡ್ತಾರೆ, ಬಿಡಿ’ ಎಂಬ ಮಾತು ತಯಾರಿರುತ್ತದೆ. ಬೆಂಗಳೂರಿನಲ್ಲಿ ಇದು ಪೂರ್ತಿ ಸುಳ್ಳಲ್ಲ. ಬೆರೆಸುವ ಗಾಡಿಗಳನ್ನು ನಾನೂ ಕಂಡಿದ್ದೇನೆ, ನಿಲ್ಲಿಸಿ ಜಗಳವಾಡಿದ್ದೇನೆ. ಆದರೆ ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗಿ ಬಂದ ಮೇಲೆ ಆ ಮಾತನ್ನು ಒಪ್ಪಿಕೊಂಡು ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಅದೊಂದು ತಗಡಿನ ಶೆಡ್. ಕಸದ ಗುಡ್ಡೆಯ ಮುಂದೆ ನಾಲ್ಕೈದು ಹೆಂಗಸರು ಕೂತಿದ್ದರು. ಒಬ್ಬಾಕೆ ಒಂದೊಂದೇ ಪ್ಲಾಸ್ಟಿಕ್ ಎತ್ತಿ, ಹಿಸುಕಿ, ಸದ್ದಿನಿಂದಲೇ ಜಾತಿ ಗುರುತಿಸಿ ಬೇರೆ ಬೇರೆ ಚೀಲಕ್ಕೆ ಎಸೆಯುತ್ತಿದ್ದರು. ಮೆತ್ತನೆಯ ಹಾಲಿನ ಕವರ್ ಒಂದಕ್ಕೆ, ಚರಚರ ಎನ್ನುವುದು ಇನ್ನೊಂದಕ್ಕೆ. ಅಷ್ಟರಲ್ಲಿ ಸಾಂಬಾರು ಉಳಿದಿದ್ದ ಹೋಟೆಲ್ ಡಬ್ಬಿಯೊಂದು ಕೈಗೆ ಬಂತು. ಸಾಂಬಾರು ಸೋರಿ ಅಡಿಯಲ್ಲಿದ್ದ ರಟ್ಟು, ಪೇಪರೆಲ್ಲ ನೆಂದಿತ್ತು. ‘ಇದನ್ನ ಗುಜರಿಯವರು ಮುಟ್ಟಲ್ಲಮ್ಮ. ಪಕ್ಕದ ಪೇಪರೂ ಹಾಳಾಯ್ತು’ ಎಂದು ಎಲ್ಲವನ್ನೂ ಒಟ್ಟಿಗೆ ಮೂಲೆಗೆ ತಳ್ಳಿದರು.

ಆ ಮೂಲೆಯದು ಊರಾಚೆಯ ಗುಂಡಿಗೆ ಹೋಗುತ್ತದೆ. ಚೀಲದಲ್ಲಿರುವುದು ತೂಕಕ್ಕೆ ಹೋಗುತ್ತದೆ, ಅದರ ದುಡ್ಡಿನಲ್ಲಿ ಆ ಕೇಂದ್ರ ನಡೆಯುತ್ತದೆ. ಯಾವುದು ಎಲ್ಲಿಗೆ ಎನ್ನುವುದು ಬಹುಪಾಲು ನಮ್ಮ ಅಡುಗೆಮನೆಯ ಸಿಂಕಿನಲ್ಲೇ ತೀರ್ಮಾನವಾಗಿಬಿಡುತ್ತದೆ.

ಹಾಲಿನ ಕವರನ್ನೇ ತೆಗೆದುಕೊಳ್ಳಿ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಚೂರು ಕವರಿಗೆ ಅಂಟಿಕೊಂಡಿರುವಷ್ಟು ಸೀಳಿದರೆ ಸಾಕು. ಬೇರೆಯಾದ ಆ ಉಗುರಿನಷ್ಟು ಚೂರನ್ನು ಯಾರೂ ಆಯಲಾರರು, ಅದು ಮೋರಿ ಸೇರುತ್ತದೆ. ಹಾಲು ಸುರಿದ ಮೇಲೆ ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿ, ಕವರನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿ. ಇಷ್ಟೂ ಅರ್ಧ ನಿಮಿಷದ ಕೆಲಸ. ತೊಳೆಯದ ಕವರುಗಳು ಚೀಲದಲ್ಲಿ ನಾಲ್ಕು ದಿನ ಕೂತರೆ ಎಂಥ ನಾತವೆಂದು ಆ ಹೆಂಗಸರನ್ನು ಕೇಳಬೇಕು.

ಹಸಿ ಕಸದ ಮಾತು ಇನ್ನೂ ದೊಡ್ಡದು, ಏಕೆಂದರೆ ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಇದನ್ನು ಪ್ಲಾಸ್ಟಿಕ್ಕಿನ ಜೊತೆ ಕಟ್ಟಿ ಕಳಿಸಿದ್ದರ ಫಲವನ್ನು, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನವರು ಉಂಡಿದ್ದಾರೆ. ನಮ್ಮ ಕಸದ ನೀರು ಅವರ ನೆಲಕ್ಕಿಳಿಯಿತು. ಮಂಡೂರಿನವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಮರುವರ್ಷ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರ್, ಬ್ಯಾಂಡೇಜು. ಇಷ್ಟು ವರ್ಷವಾದರೂ ಪೇಪರಿನಲ್ಲಿ ಸುತ್ತದ ಪ್ಯಾಡುಗಳನ್ನು ಪೌರಕಾರ್ಮಿಕರು ಕೈಯಿಂದ ಆರಿಸಿ ತೆಗೆಯಬೇಕಾಗಿದೆ. ಇದು ನನಗೆ ನಾಚಿಕೆಯ ವಿಷಯ.

ಹಸಿ ಕಸವನ್ನು ಗೊಬ್ಬರ ಮಾಡಲು ನಮ್ಮ ತಾರಸಿಯಲ್ಲಿ ತೂತು ಕೊರೆದ ಎರಡು ಡ್ರಮ್‌ಗಳಿವೆ. ಸಿಪ್ಪೆ, ಕಾಫಿ ಚರಟ, ಮೇಲೊಂದು ಪದರ ಒಣ ಎಲೆ, ಆಗೀಗ ಒಂದಿಷ್ಟು ಹುಳಿ ಮಜ್ಜಿಗೆ. ವಾಸನೆ ಬಂದರೆ ಎಲೆ ಕಡಿಮೆಯಾಗಿದೆ ಎಂದೇ ಅರ್ಥ. ಜಾಗವಿಲ್ಲದವರು ಹಸಿ ಕಸವನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟದೆ ಹಾಗೇ ಕೊಟ್ಟರೂ ಸಾಕು.

ಚಿಪ್ಸ್, ಬಿಸ್ಕತ್ತಿನ ಮಿರಿಮಿರಿ ಪ್ಯಾಕೆಟ್ಟುಗಳನ್ನು ಮಾತ್ರ ಎಷ್ಟು ತೊಳೆದರೂ ಗುಜರಿಯವರು ಕೊಳ್ಳುವುದಿಲ್ಲ. ಹಲವು ಪದರಗಳನ್ನು ಒತ್ತಿ ಅಂಟಿಸಿದ್ದು ಅವು; ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತವೆ. ಅವನ್ನು ಕಡಿಮೆ ಕೊಳ್ಳುವುದೊಂದೇ ದಾರಿ. ಚಕ್ಕುಲಿ, ಕೋಡುಬಳೆಗೆ ನಾನು ಕಾಂಡಿಮೆಂಟ್ಸ್ ಅಂಗಡಿಗೆ ಡಬ್ಬಿ ಒಯ್ಯುತ್ತೇನೆ. ಅಂಗಡಿಯವರು ಡಬ್ಬಿಯ ತೂಕ ಕಳೆದು ಕೊಡುತ್ತಾರೆ.

ಮನೆಯವರು ಇಷ್ಟು ಮಾಡಿದ ಮೇಲೆ ಪಾಲಿಕೆಗಳನ್ನು ಕೇಳುವ ಹಕ್ಕು ನಮಗಿದೆ. ಒಣ ಕಸ ಒಯ್ಯಲು ಗಾಡಿ ಹೇಳಿದ ದಿನ ಬರಬೇಕು. ಬೆರೆಸುವ ಗುತ್ತಿಗೆದಾರನಿಗೆ ದಂಡ ಬೀಳಬೇಕು. ಆ ಶೆಡ್ಡಿಗೆ ನಲ್ಲಿ ನೀರು, ಫ್ಯಾನು, ಬಾಗಿಲಿರುವ ಶೌಚಾಲಯ ಬೇಕು. ನಾನು ಹೋದ ದಿನ ಅಲ್ಲಿ ಮೂರೂ ಇರಲಿಲ್ಲ.